ಕಪ್ಪು ನೀರಿನ ಅಳತೆ

ಈ ಚಳಿಗಾಲ ನನ್ನ ಸುಪರ್ದಿಗೆ ಹನ್ನೊಂದು ದೋಣಿಕಟ್ಟೆ.
ಬೇಸಿಗೆಯವರು ಬೀಗದ ಕೈ ಕೊಟ್ಟು
ಥಂಡರ್ ಬೇ ದಾಟಿ ಹೋಗಿಯಾಯಿತು,
ಜೊತೆಗೆ ಮನೆಗೊಂದು ಡಬ್ಬಿ ಬಿಸ್ಕತ್ತು.

ನಾನು ಐರಾ ಕಾಂಗಸ್.
ಅಪ್ಪ ಇದೇ ಸರೋವರದಲ್ಲಿ
ಗರಗಸ ಹಿಡಿದು ಗಡ್ಡೆ ಕೊಯ್ದು ಮಾರಿದವನು;
ನಾನು ಗಡ್ಡೆ ಕಟ್ಟದಂತೆ ಕಾದು ಕೂಲಿ ಎಣಿಸುವವಳು.
ನಗುತ್ತಿದ್ದ, ಇದ್ದಿದ್ದರೆ.

ಕಂಬವನ್ನು ಕಚ್ಚಿದ ಗಡ್ಡೆ ನೀರಿನೊಡನೆ ಏರಿತೆಂದರೆ
ಹಲ್ಲು ಕಿತ್ತ ಹಾಗೆ ಕಟ್ಟೆಯನ್ನೇ ಕೀಳುತ್ತದೆ.
ಅದಕ್ಕೇ ಎರಡು ಹಗ್ಗದಲ್ಲಿ, ನೀರಿನೊಳಗೆ,
ತೂಗುಬಿಟ್ಟ ಮೋಟಾರು.
ಅದು ನೀರು ಕಾಯಿಸುವುದಿಲ್ಲ, ಜನ ಹಾಗಂದುಕೊಂಡಿದ್ದಾರೆ.
ತಳದಲ್ಲಿ ಉಳಿದ ನಾಲ್ಕು ಡಿಗ್ರಿಯನ್ನು
ಮೇಲಕ್ಕೆ ದೂಡುತ್ತದೆ, ಅಷ್ಟೇ.
ಅಜ್ಜಿ ಹಾಸಿಗೆಯಡಿ ಇಟ್ಟ ಕಾಸಿನಂತೆ
ಸರೋವರದ ಬೆಚ್ಚಗೆಲ್ಲ ಅಡಿಯಲ್ಲೇ.

ಎಷ್ಟು ತೆರೆಯಬೇಕು?
ಕಂಬದ ಸುತ್ತ ಒಂದು ಮಾರು.
ಅದಕ್ಕಿಂತ ಹೆಚ್ಚಾದದ್ದು ಬಾವಿ.
ಸೌನಾದಿಂದ ಓಡಿಬಂದು ಮುಳುಗಲು
ನಾವು ಕೊರೆವ ಚಾಪೆಯಗಲದ ಬಾಯಿಗೂ
ಎದ್ದ ಮೇಲೆ ಹಲಗೆ ಮುಚ್ಚುತ್ತೇವೆ.

ಏಳನೆಯ ಕಟ್ಟೆಯ ವಿಟ್‌ಲಾಕ್ ಫೋನು ಮಾಡುತ್ತಾನೆ:
"ಹಗಲೂ ರಾತ್ರಿ ಓಡಲಿ ಐರಾ, ಕರೆಂಟು ಬಿಲ್ಲು ನನ್ನದು."
ಬಿಲ್ಲು ನಿನ್ನದು.
ಹೋದ ವರ್ಷ ನಿನ್ನ ಧಾರಾಳದಲ್ಲಿ ಬಿದ್ದು
ಬೆಳಗಾಗುವತನಕ ಅಂಚು ಕೆರೆದ ಮೂಸ್ ಕರು ಯಾರದು?
ಕೇಳಲಿಲ್ಲ.
"ಟೈಮರ್ ಹಾಕಿದ್ದೇನೆ" ಅಂದೆ. "ಇರುಳು ನಾಲ್ಕು ತಾಸು.
ಥರ್ಮಾಮೀಟರ್ ಸೊನ್ನೆ ದಾಟಿದರೆ ಅದೂ ಇಲ್ಲ."

ಕಟ್ಟೆಗೆ ನಾಲ್ಕು ಹಳದಿ ಫಲಕ,
ಇಂಗ್ಲಿಷು, ಫ್ರೆಂಚು, ಒಜಿಬ್ವೆ:
ತೆಳು ಗಡ್ಡೆ, ತೆರೆದ ನೀರು.
ಓದಲು ಬಾರದ ಕತ್ತಲೆಗೆ ಒಂದು ಮಿಣುಕು ದೀಪ.
ಚಳಿಗೆ ಬ್ಯಾಟರಿ ಸಾಯುತ್ತವೆ;
ಕೋಟಿನೊಳಗೆ, ಎದೆಯ ಬಳಿ,
ಮರಿಗಳ ಹಾಗೆ ಹೊತ್ತು ತಿರುಗುತ್ತೇನೆ.

ಜನವರಿ ಕೊನೆಯಲ್ಲಿ ಎರಡು ದಿನ ಬಿರುಗಾಳಿ.
ಮೂರನೆಯ ಬೆಳಿಗ್ಗೆ ಸಲಿಕೆ ಹಿಡಿದು ಹೋದರೆ
ಏಳನೆಯದರ ಮುಂದೆ ಸ್ನೋಮೊಬೈಲಿನ ಜಾಡು.
ನಡುನೀರಿನಿಂದ ನೂಲು ಹಿಡಿದಷ್ಟು ನೇರ,
ಎಲ್ಲೂ ಅನುಮಾನವಿಲ್ಲದೆ ಬಂದದ್ದು
ಒಮ್ಮೆಲೇ ಅಡ್ಡ ತಿರುಗಿ
ಹಿಮ ಉತ್ತು ನಿಂತಿದೆ.

ಇಳಿದ ಬೂಟಿನ ಗುರುತು. ಚಿಕ್ಕ ಬೂಟು.
ಫಲಕದವರೆಗೆ ನಡೆದು
ಅದರ ಮುಖದ ಹಿಮ ಒರೆಸಿ
ವಾಲಿದ್ದ ದೀಪ ನೆಟ್ಟಗೆ ನಿಲ್ಲಿಸಿ
ಬಂದ ದಾರಿಯಲ್ಲೇ ಹೋಗಿದೆ.

ಕಪ್ಪು ನೀರಿನಿಂದ ಜಾಡಿನವರೆಗೆ ಅಳೆದೆ.
ಇನ್ನೊಮ್ಮೆ ಅಳೆದೆ.
ಸಲಿಕೆಯ ಮೇಲೆ ಕೂತೆ ಸ್ವಲ್ಪ ಹೊತ್ತು.

ಸಂಜೆ ಲೆಕ್ಕದ ಪುಸ್ತಕದಲ್ಲಿ:
ಏಳು. ಮೋಟಾರು ಸರಿ. ಕಂಬ ಸರಿ. ಬ್ಯಾಟರಿ ಒಂದು.
ವಿಟ್‌ಲಾಕನಿಗೆ ಕಳಿಸಲು ಅಷ್ಟು ಸಾಕು.

ಅಂಚಿನಲ್ಲಿ, ಪೆನ್ಸಿಲಿನಲ್ಲಿ, ನನಗೆಂದು:
ಹದಿನಾಲ್ಕು ಹೆಜ್ಜೆ.