ಒಂದೇ ತಂತಿ

ಟಿಬಿಲಿಸಿಯ ಸೊಲೊಲಾಕಿಯಲ್ಲಿ
ಎರಡನೇ ಮಹಡಿಯ ನೋಟರಿ ಕಚೇರಿ ನಮ್ಮದು.
ಪ್ರಿಂಟರ್ ಬಿಸಿಯಾಗುವಾಗಲೆಲ್ಲ
ದೀಪ ಕಣ್ಣು ಕಿರಿದು ಮಾಡುತ್ತದೆ,
ಸಾಲದ ಮಾತು ಕಿವಿಗೆ ಬಿದ್ದ ನೆಂಟನ ಹಾಗೆ.
ಮೇಜಿನಡಿಯ ಯುಪಿಎಸ್ ಎರಡು ಸಲ ಬಿಕ್ಕುತ್ತದೆ.

ಕೆಟಲ್ ಹಾಕುವವರು ಕೂಗಿ ಹೇಳಬೇಕು.
ಹೇಳದೆ ಹಾಕಿದ ದಿನ
ಒಂದು ಉಯಿಲು ಅರ್ಧಕ್ಕೇ ನಿಂತಿತು,
'ನನ್ನ ದ್ರಾಕ್ಷಿತೋಟವನ್ನು' ಎಂಬಲ್ಲಿಗೆ.
ಮಕ್ಕಳಿಬ್ಬರೂ ಉಳಿದ ಬಿಳಿ ಹಾಳೆಯ ಮೇಲೆ
ಬಗ್ಗಿ ಬಗ್ಗಿ ನೋಡಿದರು.

ಎಲೆಕ್ಟ್ರಿಷಿಯನ್ ವಾಝಾ ಗೋಡೆ ಒಡೆದ.
ಬಟ್ಟೆ ಸುತ್ತಿದ ತಂತಿ, ಮುಟ್ಟಿದರೆ ಹುಡಿ.
ತಾಮ್ರಕ್ಕೆ ಅಲ್ಯೂಮಿನಿಯಂ ಗಂಟು ಹಾಕಿದ ಪುಣ್ಯಾತ್ಮ
ಯಾರೋ, ಯಾವ ಕಾಲದವನೋ.
"ನಿಮ್ಮದು ಮಾತ್ರ ಅಲ್ಲ," ಅಂದ,
"ಮೇಲಿನ ಮನೆಗೂ ಇದೇ."

ಮೇಲೆ ಲಮಾರಾ, ಬಟ್ಟೆ ಹೊಲಿಯುವವಳು.
ಕ್ಷಮೆ ಕೇಳಲೆಂದು ಹತ್ತಿ ಹೋದೆ.
ಹೊಲಿಗೆ ಯಂತ್ರದ ಮೇಲಿನ ಬಲ್ಬು ತೋರಿಸಿದಳು:
"ಹನ್ನೊಂದು ವರ್ಷದಿಂದ ಇದು ನಿಮ್ಮನ್ನು ಓದಿ ಹೇಳುತ್ತಿದೆ.
ಒಮ್ಮೆ ಮಂಕಾದರೆ ಬರೀ ಪ್ರಮಾಣಪತ್ರ.
ಬಿಟ್ಟು ಬಿಟ್ಟು ಮಂಕಾದರೆ ಆಸ್ತಿ ವ್ಯವಹಾರ.
ನಿನ್ನೆ ಸಂಜೆಯಿಡೀ ಮಿಣುಕಿತಲ್ಲ,
ಯಾವ ಗಂಡಹೆಂಡಿರು ಪಾಲಾದರು?"

ಹೇಳಬಾರದು, ಕಚೇರಿಯ ನಿಯಮ.
ಎಲ್ಲರೂ ಹೋದ ಮೇಲೆ
ನನ್ನದನ್ನು ನಾನೇ ಪ್ರಿಂಟ್ ಹಾಕಿಕೊಂಡೆ
ಎಂದೂ ಹೇಳಲಿಲ್ಲ.

ಅವಳು ಮುಖ ನೋಡಿದಳು. ಸೂಜಿ ಚುಚ್ಚಿಟ್ಟಳು.
ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು
ಚಹಕ್ಕೆ ನೀರಿಟ್ಟಳು, ಯಾರಿಗೂ ಕೂಗಿ ಹೇಳದೆ.

ಕೆಳಗಿನಿಂದ ಒಂದು ಬೈಗುಳ
ಮೆಟ್ಟಿಲು ಹತ್ತಿ ಬಂತು.