ಆಗಮನಾಭಿಲಾಷಿ

ಹುಬ್ಬಳ್ಳಿ ಡಾಕ್ಟರು ಫಿಲ್ಮು ಬೆಳಕಿಗೆ ಹಿಡಿದು
ಜೋಳದ ಕಾಳಿನಷ್ಟು ಕಲೆ ತೋರಿಸಿದರು:
'ಎಡಮಗ್ಗಲಿನ ಮೆದುಳು. ಮಾತಿನ ಜಾಗ.'
ನನಗ ಅದು ಬಲಕ್ಕ ಕಂಡಿತು.
ಕೇಳಲೋ ಬ್ಯಾಡೋ ಅನ್ನೂದರಾಗ
ಗಾಲಿಕುರ್ಚಿಯಾಗಿಂದ ಅಬ್ಬಾ, ಅರ್ಧ ಬಾಯಿಲೆ, ನಕ್ಕ.
ನಲವತ್ತೊಂದು ವರ್ಷ ಅಕ್ಷರಾ ಉಲ್ಟಾನ ಓದಿದವಗ
ಎಡ ಯಾವುದು ಅಂತ ಯಾರು ಹೇಳಬೇಕು.

ಗದಗಿನಾಗ, ಮುಳಗುಂದ ನಾಕಾದ ಹಿಂದ,
ದಾವಲಸಾಬ ಅಂದರ ಲಗ್ನಪತ್ರಿಕಿ.
ಜಂಗಮರ ಲಗ್ನ, ಜೈನರ ಲಗ್ನ, ನಮ್ಮವರ ನಿಕಾ,
ಸೀಸದ ಮೊಳಿ ಆರಿಸಿ ಆರಿಸಿ
ಬೆರಳ ತುದಿ ಕಪ್ಪು ಹಿಡಿದಿದ್ದವು.
ಊಟಕ್ಕ ಕೂತರೂ, ರೊಟ್ಟಿ ಮುರಿಯೂ ಮೊದಲು,
'ಅ'ದ ಖಾನೆ ಎಲ್ಲಿ, 'ಳ'ದ ಖಾನೆ ಎಲ್ಲಿ ಅಂತ
ಕೈ ಗಾಳಿಯಾಗ ತಾನಾಗೇ ಹೋಗಿ ಬರತಿತ್ತು.
ಕನ್ನಡಾ ಅವಗ ಬಾಯಿಂದ ಬಂದದ್ದಲ್ಲ. ಕೈಯಿಂದ.
ಬಾಯಾಗ ಇದ್ದದ್ದು ಅಮ್ಮಾನ ಜೋಡಿ ಜಗಳಾಡೂ ಮಾತು,
ನಮ್ಮ ಮನಿ ಮಾತು, ಬರೆಯಾಕ ನಮಗ್ಯಾರಿಗೂ ಬಾರದ್ದು.

ಅದ ಹೋತು.
ಪೂರಾ ಹೋತು. ಅಮ್ಮಾ 'ಪಾನಿ?' ಅಂದರ
ಪರದೇಶದ ರೇಡಿಯೋ ಕೇಳಿದವರಂಗ ಮಾರಿ ಮಾಡತಾನ.
ಉಳಿದದ್ದು ಏನಂದರ, ನಗಬ್ಯಾಡ್ರಿ,
ಹಸಿವಾದರ: 'ತಮ್ಮ ಆಗಮನಾಭಿಲಾಷಿಗಳು.'
ಫ್ಯಾನ್ ಹಚ್ಚರಿ ಅನ್ನಾಕ: 'ಗುರುಹಿರಿಯರು ನಿಶ್ಚಯಿಸಿದಂತೆ.'
ಚಾದರ ಸರಿದು ಚಳಿಯಾದರ:
'ಆಶೀರ್ವಾದವೇ ಉಡುಗೊರೆ.'
ಬೆಕ್ಕು ಹಾಲಿಗೆ ಬಾಯಿ ಹಾಕಿದಾಗ ಮಾತ್ರ
ಎರಡು ಬೈಗುಳ, ಶುದ್ಧ ಗದಗ-ಬೆಟಗೇರಿದು,
ಒಂದಕ್ಷರ ತಪ್ಪಿಲ್ಲ.
ಮತ್ತ ಹದಿನೇಳರ ಮಗ್ಗಿ.

ಬೈಗುಳದ ಜಾಗ ಬ್ಯಾರೆ, ಅಂದರು ಡಾಕ್ಟರು,
ಮಗ್ಗಿದು ಬ್ಯಾರೆ, ಹಾಡಿಂದು ಬ್ಯಾರೆ.
ಹಂಗಾದರ ತಲಿಯೊಳಗೂ ಖಾನೆಗಳ ಏನು?
ಕತ್ತಲಾಗ ಯಾರೋ ಎಡವಿ
ಒಂದು ಕೇಸು ನೆಲಕ್ಕ ಕೆಡವ್ಯಾರೇನು?
ಪ್ರೆಸ್ಸಿನಾಗ ಹಿಂಗಾದಾಗ ಅಬ್ಬಾ ಯಾರನ್ನೂ ಬೈತಿದ್ದಿಲ್ಲ.
ಗೋಣಿತಾಟಿನ ಮ್ಯಾಲೆ ನನ್ನೂ ಕೂಡಿಸಿಕೊಂಡು
ಒಂದೊಂದ ಮೊಳಿ ಬೆಳಕಿಗೆ ಹಿಡಿದು
ಅದರದರ ಮನಿಗೆ ಕಳಸತಿದ್ದ.
'ಪ'ದ ಹೊಟ್ಟಿಯಾಗ ಒಂದು ಗೀರು ಬಿದ್ದರ 'ಷ', ನೋಡು,
ಗೀರು ಸಣ್ಣದು, ಮಾತ ಬ್ಯಾರೆ, ಅಂತಿದ್ದ.

ಈಗ ನಾ ನಡುವಿನಾಕಿ.
ಅವನ ಲಗ್ನಪತ್ರಿಕಿ ಅಮ್ಮಾಗ ಬಿಡಿಸಿ ಹೇಳೂದು,
ಅಕಿ ಸಿಟ್ಟು ಕನ್ನಡಕ್ಕ ತಿರುವೂದು.
ಸಿಟ್ಟು ತಿರುವಿದರ ಅರ್ಧಾ ದಾರ್ಯಾಗ ಉದುರತೈತಿ.
ಹಿತ್ತಲದಾಗ ಭಾಂಡೆ ತಿಕ್ಕೋತ ಒಂದಿನ ಅಂದಳು:
'ಮೂವತ್ತಾರು ವರ್ಷದ ಗಂಡ.
ಈಗ ನನ್ನ ಲಗ್ನಕ್ಕ ನನ್ನನ್ನ ಕರೀತಾನ.'

ಪ್ರೆಸ್ ಮುಚ್ಚಿದಾಗ ಪಗಾರದ ಬದಲಿ ಕೊಟ್ಟ ಒಂದು ಕೇಸು
ಮಂಚದ ಕೆಳಗಿತ್ತು, ಜಿರಳಿ ಹೊಕ್ಕಿದ್ದವು.
ನಿನ್ನಿ ಸಂಜಿಮುಂದ ಎಳೆದು, ಜಾಡಿಸಿ, ಅವನ ತೊಡಿಮ್ಯಾಲೆ ಇಟ್ಟೆ.
ಬಲಗೈ ಅಂತೂ ಏಳೂದಿಲ್ಲ.
ಎಡಗೈ ಬಹಳ ಹೊತ್ತು ಸುಮ್ಮನಿತ್ತು,
ಆಮ್ಯಾಲೆ ಹೋತು, ತಪ್ಪಿತು, ತಿರುಗಿ ಹೋತು,
ಎರಡ ಎರಡು ಮೊಳಿ ತಂದು
ಅಮ್ಮಾನ ಅಂಗೈಯಾಗ ಇಟ್ಟಿತು.

ಅಮ್ಮಾಗ ಓದಾಕ ಬರೂದಿಲ್ಲ.
ರೇಶನ್ ಅಂಗಡಿಯಾಗ ಒತ್ತಿದಂಗ
ಅವೆರಡನ್ನೂ ಜೋಡಿಸಿ ಹೆಬ್ಬೆಟ್ಟು ಒತ್ತಿದಳು,
ಎತ್ತಿ ನನ್ನ ಮಾರಿಗೆ ಹಿಡಿದಳು: ಏನಿದು?
ಹಸಿ ತೊಗಲಿನಾಗ, ಬೆಳ್ಳಗ, ಈಗ ನೆಟ್ಟಗ,
ಮಾಯೂದರೊಳಗ ಓದಿದೆ:
'ಚಾ.'

ತಿರುವಿ ಹೇಳೂದು ಏನೂ ಇರಲಿಲ್ಲ.
ಅಮ್ಮಾ ಆಗಲೇ ಎದ್ದು ಸಕ್ಕರಿ ಡಬ್ಬಿ ಹುಡುಕಾಕ ಹತ್ತಿದ್ದಳು,
ಹಾಲು ಬೆಕ್ಕಿನ ಪಾಲಾದದ್ದು ಮರೆತು.
ಅಬ್ಬಾ ಹಿಂದಿನಿಂದ ಕೂಗಿದ:
'ಸಹಕುಟುಂಬ ಸಪರಿವಾರ!'