ಹೊಂಗೆಯ ನೆರಳು, ಸಂಜೆ ನಾಲ್ಕಕ್ಕೆ

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಹೊಂಗೆ ಕಡಿದರು.
ಕೇಬಲ್ಲಿಗೋ ಚರಂಡಿಗೋ, ಕೇಳಿದರೆ
ಒಬ್ಬೊಬ್ಬ ಒಂದೊಂದು ಹೇಳಿದ.
ಸರಸ್ವತಿಪುರದ ಈ ರಸ್ತೆಯಲ್ಲಿ ಹತ್ತೊಂಬತ್ತು ವರ್ಷ
ನನ್ನ ಇಸ್ತ್ರಿ ಗಾಡಿಗೆ ಅದೇ ಸೂರು.
ಬೊಡ್ಡೆಯ ಮೇಲೆ ಕಾಂಕ್ರೀಟು ಸುರಿದರು; ಒಣಗುವ ಮೊದಲೇ
ನಾಯಿ ಬೂದ ಅದರಲ್ಲಿ ನಾಲ್ಕು ಹೆಜ್ಜೆ ಒತ್ತಿ ಹೋಯಿತು.

ಆಮೇಲೆ ಶುರುವಾಯಿತು ನೋಡಿ:
ಕೈಯಲ್ಲಿ ಇದ್ದಿಲ ಪೆಟ್ಟಿಗೆ, ನೆತ್ತಿಯ ಮೇಲೆ ಅವನು,
ನಡುವೆ ಬೇಯುವ ಕಾಳು ನಾನು.
ಬೆವರು ತೊಟ್ಟಿಕ್ಕಿದರೆ ಬಿಳಿ ಶರಟಿಗೆ ಕಲೆ,
ಎಂಟು ರೂಪಾಯಿಯ ಕೆಲಸಕ್ಕೆ ಎಂಟು ಮಾತು.

ನಾದಿನಿ ಮಗಳು ಇಂಚರ ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಓದುತ್ತಾಳೆ.
"ಅತ್ತೆ, ನೆರಳು ಹುಡುಕಬೇಡ. ಸೂರ್ಯನ್ನ ಹುಡುಕು,
ನೆರಳು ಅವನ ಬೆನ್ನಿಗೇ ಸಿಗ್ತದೆ"
ಅಂದು ಮೊಬೈಲು ತೆಗೆದಳು.

ಅದೂ ಒಂದು ಕ್ಯಾಲ್ಕುಲೇಟರು. ಕೂಡಿ ಕಳೆಯುವುದಲ್ಲ.
ಊರು ಎಲ್ಲಿ ಅಂತ ಕೇಳಿತು. ಮೈಸೂರು ಅಂದರೆ ಒಪ್ಪಲಿಲ್ಲ;
ಹನ್ನೆರಡು ಪಾಯಿಂಟ್ ಮೂರು, ಎಪ್ಪತ್ತಾರು ಪಾಯಿಂಟ್ ಆರು ಅನ್ನಬೇಕಂತೆ.
ತಾರೀಕು ಕೇಳಿತು, ಗಂಟೆ ಕೇಳಿತು.
ಜಾತಕ ಬರೆಯೋರೂ ಇಷ್ಟೇ ಕೇಳೋದು, ಅಂದೆ.
"ಇದು ದಕ್ಷಿಣೆ ಕೇಳಲ್ಲ" ಅಂದಳು.

ಬಂದದ್ದು ಎರಡೇ ಅಂಕಿ:
ಯಾವ ದಿಕ್ಕು, ಎಷ್ಟು ಎತ್ತರ.
ಇಷ್ಟೇನಾ? ಒಂದು ರವಿಕೆಗೇ ಏಳು ಅಳತೆ ಬೇಕು,
ಅಷ್ಟು ದೊಡ್ಡ ಆಸಾಮಿಗೆ ಎರಡು ಸಾಕಾ?

ಸೀಮೆಸುಣ್ಣ ಹಿಡಿದು ರಸ್ತೆಗಿಳಿದಳು.
ಎದುರಿನ ಅಪಾರ್ಟ್‌ಮೆಂಟು ನಲವತ್ತಡಿ.
ಹತ್ತಕ್ಕೆ ಅವನು ಐವತ್ತೈದು ಡಿಗ್ರಿ, ನೆರಳು ಇಪ್ಪತ್ತೆಂಟಡಿ.
ಹನ್ನೊಂದಕ್ಕೆ ಎಪ್ಪತ್ತು; ಹದಿನಾಲ್ಕೂವರೆ.
ಗೀಟಿಗೊಂದು ಗಂಟೆ ಬರೆದಳು,
ಕುಂಟೆಬಿಲ್ಲೆಯ ಮನೆಗಳ ಹಾಗೆ.
ಹಿಂದಿನ ಎಡ ಚಕ್ರ ಕಿರ್ರೆನ್ನುತ್ತದೆ.
ತಳ್ಳಿದೆ, ಮನೆಯಿಂದ ಮನೆಗೆ.

ಸೆಕ್ರೆಟರಿ ಶೇಷಗಿರಿ ಬಂದರು: "ಏನಮ್ಮ, ಗೇಟಿಗೇ ಅಡ್ಡ!"
"ಹತ್ತು ನಿಮಿಷ ತಡೀರಿ ಸ್ವಾಮಿ,
ನೀವು ಎಬ್ಬಿಸೋದು ಬ್ಯಾಡ, ಅವನೇ ಎಬ್ಬಿಸ್ತಾನೆ."
ಅವರು ವಾಚು ನೋಡುತ್ತ ನಿಂತರು. ಹನ್ನೊಂದನೇ ನಿಮಿಷಕ್ಕೆ
ನೆರಳು ನನ್ನ ಮೊಣಕೈ ಬಿಟ್ಟಿತು, ಗಾಡಿ ಹೊರಟಿತು.
ಅವರಿಗೆ ಯಾಕೋ ಹಿಡಿಸಿತು. ಮಾರನೇ ದಿನ
ಸುಮ್ಮನೆ ನೋಡಲು ಬಂದರು, ಒಂದು ಪಂಚೆಯ ನೆಪ ಹಿಡಿದು.

ಆದರೆ ಹನ್ನೆರಡು ಇಪ್ಪತ್ತೆರಡು.
ಏಪ್ರಿಲ್ ಇಪ್ಪತ್ತೆರಡರ ಆ ಗಳಿಗೆಗೆ
ಎಂಬತ್ತೊಂಬತ್ತು ಪಾಯಿಂಟ್ ಎಂಟು ಅಂತು.
"ತೊಂಬತ್ತಕ್ಕೆ ಕೂದಲೆಳೆ ಕಮ್ಮಿ ಅತ್ತೆ, ಈಗ ಎಲ್ಲೂ ಗೀಟಿಲ್ಲ."
ನೀರಿನ ಬಾಟಲಿ ನಿಲ್ಲಿಸಿದಳು;
ಅದು ತನ್ನ ನೆರಳ ತಾನೇ ಕುಡಿದಿತ್ತು.
ಕಂಬ, ಗೋಡೆ, ಶೇಷಗಿರಿಯವರು, ಎಲ್ಲ ಬರಿಗಾಲು.
ನಾಳೆಯಿಂದ ಅವನು ನಮ್ಮ ನೆತ್ತಿ ದಾಟಿ ಬಡಗಲಿಗೆ ವಾಲುತ್ತಾನಂತೆ,
ಆಗಸ್ಟ್ ಇಪ್ಪತ್ತರವರೆಗೆ ಮಧ್ಯಾಹ್ನದ ನೆರಳು ತೆಂಕಲಿಗಂತೆ.
ಐವತ್ತೆರಡು ವರ್ಷ ಅವನ ಕೆಳಗೇ ಬದುಕಿದ್ದೀನಿ,
ಒಂದು ಸಲವೂ ಹೇಳಲಿಲ್ಲ.

ಉಳಿದಿದ್ದ ನೆರಳು ಗಾಡಿಯ ಅಡಿಯದೊಂದೇ.
ಬಗ್ಗಿ ನೋಡಿದರೆ ಬೂದ ಆಗಲೇ ಮಲಗಿತ್ತು,
ಏನೂ ಟೈಪು ಮಾಡದೆ.
ಸರಿ ಕಣಪ್ಪ ಅಂತ ನಾನೂ ತೂರಿದೆ, ಮುದ್ದೆಯ ಡಬ್ಬಿ ಹಿಡಿದು.

ಸಂಜೆ ನಾಲ್ಕಕ್ಕೆ ಕೇಳಿದೆ:
"ಹೊಂಗೆ ಇದ್ದಿದ್ರೆ?"
ನನ್ನ ಮುಖ ನೋಡಿದಳು. "ಎಷ್ಟೆತ್ತರ ಇತ್ತು?"
ಇಪ್ಪತ್ತೈದಡಿ ಇರಬಹುದು. ಲೈಟಿನ ತಂತಿಗೆ ತಾಗುತ್ತಿತ್ತು.
ಒತ್ತಿದಳು.
ಮರ ಐತೋ ಇಲ್ಲವೋ ಅದಕ್ಕೇನು ಗೊತ್ತು,
ಕೇಳಿದ್ದಕ್ಕೆ ಕೊಟ್ಟಿತು:
ಮೂವತ್ತಮೂರು ಅಡಿ, ಮೂಡಲಿಗೆ,
ತುಸು ತೆಂಕಲಿಗೆ ಓರೆಯಾಗಿ.

ಕಾಂಕ್ರೀಟಿನಿಂದ ಹಿಡಿದು ರಸ್ತೆ ದಾಟಿ
ಹಾಲಿನ ಬೂತಿನ ಮೆಟ್ಟಿಲವರೆಗೆ ಗೀಟೆಳೆದಳು.
ಆಟೋ ಹೋಯಿತು, ಸ್ಕೂಟರು ಹೋಯಿತು,
ಕೆಂಪಸಿದ್ದ ಟಿವಿಎಸ್ಸಿನಲ್ಲಿ ಬಟ್ಟೆ ಮೂಟೆ ತಂದು
"ಏನಮ್ಮಿ ಇದು" ಅಂದ.
ಯಾರಿಗೂ ತಂಪಾಗಲಿಲ್ಲ.

ಬೂದ ಎದ್ದು ಮೈಮುರಿಯಿತು.
ಗೀಟಿನ ತುದಿಯಿಂದ ಮೂಸುತ್ತ ಮೂಸುತ್ತ ಬುಡಕ್ಕೆ ಬಂದು,
ಏನೂ ಇಲ್ಲದ ಕಡೆ
ಒಂದು ಕಾಲೆತ್ತಿತು.

ಲೆಕ್ಕ ಸರಿಯಾಗೈತೆ ಕಣವ್ವ, ಅಂದೆ.